ಅಗ್ದಾಮ್: ಯುದ್ಧ ಖಾಲಿ ಮಾಡಿದ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ದಾಮ್ ಬಗ್ಗೆ ಮಾತು ಶುರುವಾಗುವುದು ಹೆಚ್ಚಾಗಿ ಒಂದು ಫೋಟೋದಿಂದ. ಮಸೀದಿಯ ಮಿನಾರಿನ ಮೇಲಿಂದ ತೆಗೆದದ್ದು. ಕಣ್ಣು ಹಾಯುವಷ್ಟು ದೂರ ಸೂರಿಲ್ಲದ ಗೋಡೆಗಳು, ಮಧ್ಯೆ ಪೊದೆ, ಎಲ್ಲೂ ಒಬ್ಬ ಮನುಷ್ಯನಿಲ್ಲ. ಅದನ್ನು ನೋಡಿದವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಊರಿನ ಪರಿಚಯ

ಈ ಅಗ್ದಾಮ್ ಎಲ್ಲಿದೆ? ರಷ್ಯಾದಲ್ಲಾ?

ಅಲ್ಲ, ಅಜೆರ್ಬೈಜಾನ್‌ನಲ್ಲಿದೆ. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಕಾಕಸಸ್ ಸೀಮೆಯ ದೇಶ ಅದು. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು, ಅದಕ್ಕೇ ಈ ಗೊಂದಲ.

ರಾಜಧಾನಿ ಬಾಕುವಿನಿಂದ ಪಶ್ಚಿಮಕ್ಕೆ ಸುಮಾರು 360 ಕಿ.ಮೀ. ದೂರ. ಪೂರ್ವದ ಬಯಲು ಕರಾಬಾಖ್ ಬೆಟ್ಟಗಳ ಬುಡ ಮುಟ್ಟುವ ಜಾಗದಲ್ಲಿ ಊರಿದೆ. ಅಲ್ಲಿಂದ ಬೆಟ್ಟದ ಕಡೆ ಸುಮಾರು 25 ಕಿ.ಮೀ. ಹೋದರೆ ಸ್ತೆಪನಕೆರ್ತ್ ಸಿಗುತ್ತದೆ. ಅಜೆರ್ಬೈಜಾನಿಗಳು ಅದನ್ನು ಖಾನ್‌ಕೆಂದಿ ಅನ್ನುತ್ತಾರೆ. ಬಯಲಿನಲ್ಲಿ ಅಜೆರ್ಬೈಜಾನಿಗಳ ಊರು, ಬೆಟ್ಟದಲ್ಲಿ 2023ರವರೆಗೆ ಅರ್ಮೇನಿಯನ್ನರ ಊರು. ಯುದ್ಧ ನಡೆದದ್ದು ಈ ಇಬ್ಬರ ನಡುವೆ. ನಡುವೆ ಒಂದು ರಸ್ತೆ, ಆ ರಸ್ತೆಯಲ್ಲಿ ಅಸ್ಕೆರಾನ್ ಎಂಬ ಚಿಕ್ಕ ಪಟ್ಟಣ. ಈ ನಕ್ಷೆ ತಲೆಯಲ್ಲಿದ್ದರೆ ಮುಂದಿನದು ಅರ್ಥವಾಗುವುದು ಸುಲಭ.

ಯುದ್ಧಕ್ಕೆ ಮುಂಚೆ ಅದು ಎಂಥ ಊರಾಗಿತ್ತು? ಏನಾದರೂ ವಿಶೇಷ ಇತ್ತಾ?

ಇತ್ತು, ಬೇಕಾದಷ್ಟಿತ್ತು. ಫೋಟೋ ಮಾತ್ರ ನೋಡಿದವರಿಗೆ ತಪ್ಪಿಹೋಗುವುದೇ ಈ ಭಾಗ.

ಊರಿನ ಕಥೆ 18ನೇ ಶತಮಾನದಲ್ಲಿ ಶುರುವಾಗುತ್ತದೆ. ಕರಾಬಾಖಿನ ಮೊದಲ ಖಾನ್ ಪನಾಹ್ ಅಲಿ ಇಲ್ಲಿ ಅರಮನೆ ಕಟ್ಟಿಸಿದ. 1828ರಲ್ಲಿ, ರಷ್ಯಾದ ಆಳ್ವಿಕೆಯಲ್ಲಿ, ಇದಕ್ಕೆ ನಗರದ ಸ್ಥಾನ ಸಿಕ್ಕಿತು. ಬೆಟ್ಟದ ಕುರಿ, ಉಣ್ಣೆ, ಬಯಲಿನ ಹತ್ತಿ, ದ್ರಾಕ್ಷಿ ಎಲ್ಲ ಕೈ ಬದಲಾಯಿಸುತ್ತಿದ್ದ ಪೇಟೆ ಇದು. ಸೋವಿಯತ್ ಕಾಲದಲ್ಲಿ ಬೆಣ್ಣೆ ಕಾರ್ಖಾನೆ, ಹಣ್ಣು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆ, ವೈನ್ ಕಾರ್ಖಾನೆ ಬಂದವು. ರೈಲೂ ಬಂತು. 'ಅಗ್ದಾಮ್' ಎಂಬ ಅಗ್ಗದ, ಗಡುಸಾದ ಬಿಳಿ ಪೋರ್ಟ್ ವೈನ್ ಇಡೀ ಒಕ್ಕೂಟದಲ್ಲಿ ಮಾರಾಟವಾಗುತ್ತಿತ್ತು. ಊರು ಎಲ್ಲಿದೆಯೆಂದು ಗೊತ್ತಿಲ್ಲದ ಲಕ್ಷಾಂತರ ಜನಕ್ಕೆ ಬಾಟಲಿಯ ಮೇಲಿನ ಹೆಸರು ಗೊತ್ತಿತ್ತು.

ಕುದುರೆಗಳದ್ದು ಇನ್ನೊಂದು ಕಥೆ. ಹೊಂಬಣ್ಣದ ಮೈಯ ಕರಾಬಾಖ್ ತಳಿಯನ್ನು ಉಳಿಸಿ ಬೆಳೆಸಿದ ಸರ್ಕಾರಿ ಕುದುರೆ ಸಾಕಣೆ ಕೇಂದ್ರ ಇಲ್ಲಿತ್ತು. 1956ರಲ್ಲಿ ಸೋವಿಯತ್ ನಾಯಕರು ಬ್ರಿಟನ್ನಿನ ರಾಣಿ ಎಲಿಜಬೆತ್‌ಗೆ ಉಡುಗೊರೆ ಕೊಟ್ಟ ಜಮಾನ್ ಎಂಬ ಗಂಡುಕುದುರೆ ಇದೇ ತಳಿಯದು. ಯುದ್ಧ ಹತ್ತಿರ ಬಂದಾಗ ಕುದುರೆಗಳನ್ನು ಬಾರ್ದಾ ಪಟ್ಟಣದ ಕಡೆಗೆ ಸಾಗಿಸಿದರು.

ಮತ್ತೆ ಸಂಗೀತ. ಮುಗಾಮ್ ಅಂದರೆ ಅಜೆರ್ಬೈಜಾನಿನ ಶಾಸ್ತ್ರೀಯ ಹಾಡುಗಾರಿಕೆ. ಕರಾಬಾಖ್ ಅದರ ತವರು. ಅಗ್ದಾಮಿನಲ್ಲಿ ಮುಗಾಮ್ ಶಾಲೆ ಇತ್ತು, ನಾಟಕಶಾಲೆ ಇತ್ತು. ದೊಡ್ಡ ಗಾಯಕ ಕಾದಿರ್ ರುಸ್ತಮೋವ್ ಈ ಸೀಮೆಯವರೇ. ಮದುವೆಮನೆಯಲ್ಲಿ ರಾತ್ರಿಯಿಡೀ ಹಾಡುವುದು ಇಲ್ಲಿನವರಿಗೆ ಮಾಮೂಲಾಗಿತ್ತು.

ಬ್ರೆಡ್‌ಗೆ ಅಂತಲೇ ಒಂದು ಮ್ಯೂಸಿಯಂ ಇತ್ತಂತೆ, ನಿಜಾನಾ?

ನಿಜ. 1983ರಲ್ಲಿ ಒಂದು ಹಳೆಯ ಹಿಟ್ಟಿನ ಗಿರಣಿಯಲ್ಲಿ ಶುರುವಾಯಿತು. ಸೋವಿಯತ್ ಒಕ್ಕೂಟದಲ್ಲಿ ಇಂಥದ್ದು ಬಹಳ ಅಪರೂಪ. ಬೀಸುವ ಕಲ್ಲು, ನೇಗಿಲು, ಕುಡುಗೋಲು, ಕಾಳುಗಳ ಮಾದರಿಗಳು, ಬೇರೆ ಬೇರೆ ಕಡೆಯ ರೊಟ್ಟಿಗಳು ಅಲ್ಲಿದ್ದವು. 1992ರ ಶೆಲ್ ದಾಳಿಯಲ್ಲಿ ಅದು ಹಾಳಾಯಿತು. ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಗೋಡೆಚಿತ್ರದ ಒಂದು ಭಾಗ ಮಾತ್ರ ಮಳೆ ಬಿಸಿಲಿಗೆ ಮೈಯೊಡ್ಡಿ ವರ್ಷಾನುಗಟ್ಟಲೆ ನಿಂತಿತ್ತು.

ಅಲ್ಲಿ ಎಷ್ಟು ಜನ ಇದ್ದರು? ಒಂದೊಂದು ಕಡೆ ಒಂದೊಂದು ಸಂಖ್ಯೆ ಇದೆ.

1989ರ ಸೋವಿಯತ್ ಜನಗಣತಿ ಪ್ರಕಾರ ನಗರದಲ್ಲಿ ಸುಮಾರು 28,000 ಜನ. ಹೆಚ್ಚುಕಡಿಮೆ ಎಲ್ಲರೂ ಅಜೆರ್ಬೈಜಾನಿಗಳು. ಲಕ್ಷ, ಒಂದೂವರೆ ಲಕ್ಷ ಅನ್ನುವವರು ಸುತ್ತಲ ಹಳ್ಳಿಗಳೂ ಸೇರಿದ ಇಡೀ ಜಿಲ್ಲೆಯ ಲೆಕ್ಕ ಹೇಳುತ್ತಿರುತ್ತಾರೆ. ಜಿಲ್ಲೆಗೂ ಊರಿಗೂ ಹೆಸರು ಒಂದೇ ಆದ್ದರಿಂದ ಈ ಎಡವಟ್ಟು. ಜೊತೆಗೆ 1992ರ ಹೊತ್ತಿಗೆ ಬೇರೆ ಕಡೆಯಿಂದ ಓಡಿಬಂದವರು ಊರಲ್ಲಿ ತುಂಬಿದ್ದರು, ಹಾಗಾಗಿ ಯುದ್ಧದ ಕಾಲಕ್ಕೆ ಜನಗಣತಿಯ ಸಂಖ್ಯೆ ಸರಿಯಾಗಿ ಹೊಂದುವುದಿಲ್ಲ.

## ಖಾಲಿಯಾದ ಬಗೆ

ಜಗಳ ಶುರುವಾದದ್ದು ಯಾಕೆ? ಧರ್ಮಕ್ಕಾಗಿಯಾ?

ಅಜೆರ್ಬೈಜಾನಿಗಳು ಹೆಚ್ಚಾಗಿ ಮುಸ್ಲಿಮರು, ಅರ್ಮೇನಿಯನ್ನರು ಕ್ರೈಸ್ತರು, ಅದು ಸರಿ. ಆದರೆ ಜಗಳ ಇದ್ದದ್ದು ನೆಲದ ಬಗ್ಗೆ, ಆ ನೆಲವನ್ನು ಯಾರು ಆಳಬೇಕು ಎಂಬುದರ ಬಗ್ಗೆ.

1923ರಲ್ಲಿ ಸೋವಿಯತ್ ಆಡಳಿತ ನಗೋರ್ನೋ ಕರಾಬಾಖ್ ಎಂಬ ಸ್ವಾಯತ್ತ ಪ್ರದೇಶ ಮಾಡಿತು. ಅಲ್ಲಿದ್ದ ಹೆಚ್ಚಿನವರು ಅರ್ಮೇನಿಯನ್ನರು, ಆದರೆ ಅದನ್ನು ಇಟ್ಟದ್ದು ಅಜೆರ್ಬೈಜಾನ್ ಗಣರಾಜ್ಯದೊಳಗೆ. ಮಾಸ್ಕೋದ ಹಿಡಿತ ಬಿಗಿಯಾಗಿರುವವರೆಗೆ ಅಸಮಾಧಾನ ಒಳಗೇ ಇತ್ತು. 1988ರ ಫೆಬ್ರವರಿ 20ರಂದು ಅಲ್ಲಿನ ಪ್ರಾದೇಶಿಕ ಸಭೆ ತಮ್ಮನ್ನು ಪಕ್ಕದ ಗಣರಾಜ್ಯ ಅರ್ಮೇನಿಯಾಕ್ಕೆ ಸೇರಿಸಿ ಎಂದು ನಿರ್ಣಯ ಮಾಡಿತು.

ಎರಡೇ ದಿನಕ್ಕೆ ಅಗ್ದಾಮ್ ಈ ಕಥೆಯೊಳಗೆ ಬಂತು. ಫೆಬ್ರವರಿ 22ರಂದು ಊರಿನಿಂದ ಸಿಟ್ಟಾದ ಗುಂಪೊಂದು ಸ್ತೆಪನಕೆರ್ತ್ ಕಡೆ ನಡೆದುಕೊಂಡು ಹೊರಟಿತು. ಅಸ್ಕೆರಾನ್ ಹತ್ತಿರ ಘರ್ಷಣೆಯಾಯಿತು. ಇಬ್ಬರು ಅಜೆರ್ಬೈಜಾನಿ ಹುಡುಗರು ಸತ್ತರು. ಸಾವಿನ ಸುದ್ದಿ ಹರಡಿತು. ಅದೇ ತಿಂಗಳ ಕೊನೆಯಲ್ಲಿ ಕ್ಯಾಸ್ಪಿಯನ್ ದಂಡೆಯ ಸುಮ್‌ಗಾಯಿತ್ ಪಟ್ಟಣದಲ್ಲಿ ಅರ್ಮೇನಿಯನ್ನರ ಮೇಲೆ ಗುಂಪುಗಳು ಬಿದ್ದವು, ಮನೆಗಳಿಗೆ ನುಗ್ಗಿ ಕೊಂದವು. ಆಮೇಲಿನ ಎರಡು ಮೂರು ವರ್ಷಗಳಲ್ಲಿ ಅಜೆರ್ಬೈಜಾನಿನ ಅರ್ಮೇನಿಯನ್ನರೂ ಅರ್ಮೇನಿಯಾದ ಅಜೆರ್ಬೈಜಾನಿಗಳೂ ಲಕ್ಷಗಟ್ಟಲೆ ಮನೆ ಬಿಟ್ಟರು. 1991ರ ಕೊನೆಗೆ ಸೋವಿಯತ್ ಒಕ್ಕೂಟ ಮುರಿದಾಗ ಅದರ ಸೇನೆಯ ಬಂದೂಕು, ಟ್ಯಾಂಕುಗಳು ಎರಡೂ ಕಡೆಯವರ ಕೈಗೆ ಬಂದವು. ಅಲ್ಲಿಂದ ಪೂರ್ಣ ಯುದ್ಧ.

ಅಗ್ದಾಮ್ ನಗೋರ್ನೋ ಕರಾಬಾಖಿನ ಒಳಗೆ ಇರಲಿಲ್ಲ ಅಲ್ವಾ? ಮತ್ತೆ ಅದನ್ನು ಯಾಕೆ ಹಿಡಿದರು?

ಇರಲಿಲ್ಲ. ಗಡಿಯ ಹೊರಗೆ, ಪಕ್ಕದಲ್ಲೇ ಇತ್ತು. ಆ ಪಕ್ಕದಲ್ಲಿದ್ದುದೇ ಅದಕ್ಕೆ ಮುಳುವಾಯಿತು.

ಅಜೆರ್ಬೈಜಾನ್ ಸೇನೆಗೆ ಬೆಟ್ಟದ ಕಡೆ ನುಗ್ಗಲು ಅಗ್ದಾಮ್ ನೆಲೆಯಾಗಿತ್ತು. ಇಲ್ಲಿಂದ ಅಸ್ಕೆರಾನ್, ಸ್ತೆಪನಕೆರ್ತ್ ಕಡೆ ಶೆಲ್ ಬೀಳುತ್ತವೆ, ಅದನ್ನು ನಿಲ್ಲಿಸಬೇಕು ಎಂಬುದು ಅರ್ಮೇನಿಯನ್ ಪಡೆಗಳು ಕೊಟ್ಟ ಕಾರಣ. ಅವರ ಕಡೆಯಿಂದ ಅಗ್ದಾಮ್ ಮೇಲೂ ಶೆಲ್ ಬೀಳುತ್ತಿತ್ತು. ಕಾರಣ ಏನೇ ಇರಲಿ, ನಡೆದದ್ದು ಒಂದು ಇಡೀ ನಾಗರಿಕ ಊರನ್ನು ಖಾಲಿ ಮಾಡಿಸಿದ್ದು. ಶೆಲ್ ನಿಲ್ಲಿಸಲು ಬೇಕಾದದ್ದಕ್ಕಿಂತ ಅದು ತುಂಬಾ ಜಾಸ್ತಿ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಬಾಕುವಿನಲ್ಲಿತ್ತು. 1993ರ ಜೂನ್‌ನಲ್ಲಿ ಗಾಂಜಾ ನಗರದಲ್ಲಿ ಸೂರತ್ ಹುಸೇನೊವ್ ಎಂಬ ದಂಡನಾಯಕ ಬಂಡೆದ್ದು ರಾಜಧಾನಿಯ ಕಡೆ ಹೊರಟ. ಅಧ್ಯಕ್ಷ ಅಬುಲ್ಫಾಜ್ ಎಲ್ಚಿಬೇ ಬಾಕು ಬಿಟ್ಟು ತಮ್ಮ ಊರಿನ ಕಡೆ ಹೋದರು. ಹೇದರ್ ಅಲಿಯೇವ್ ಅಧಿಕಾರಕ್ಕೆ ಬಂದರು. ಈ ಗದ್ದಲದಲ್ಲಿ ಗಡಿಯ ಪಡೆಗಳಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಅಗ್ದಾಮ್ ಮೇಲಿನ ದೊಡ್ಡ ದಾಳಿ ನಡೆದದ್ದು ಸರಿಯಾಗಿ ಅದೇ ವಾರಗಳಲ್ಲಿ.

ಊರು ಬಿದ್ದ ದಿನ ಯಾವುದು? ಜನ ಒಂದೇ ದಿನದಲ್ಲಿ ಖಾಲಿಯಾದರಾ?

ಊರು ಬಿದ್ದದ್ದು 1993ರ ಜುಲೈ 23ರಂದು. ಆದರೆ ಜನ ಖಾಲಿಯಾದದ್ದು ಒಂದೇ ದಿನದಲ್ಲಿ ಅಲ್ಲ.

ಒಂದೂವರೆ ವರ್ಷ ಹಿಂದಿನಿಂದಲೇ ಊರು ನಲುಗುತ್ತಿತ್ತು. 1992ರ ಫೆಬ್ರವರಿ ಕೊನೆಯಲ್ಲಿ ಹತ್ತಿರದ ಖೋಜಾಲಿ ಪಟ್ಟಣವನ್ನು ಅರ್ಮೇನಿಯನ್ ಪಡೆಗಳು ಹಿಡಿದವು. ಹಿಮದಲ್ಲಿ ರಾತ್ರಿ ಓಡುತ್ತಿದ್ದ ನೂರಾರು ಅಜೆರ್ಬೈಜಾನಿ ನಾಗರಿಕರು ಸತ್ತರು. ಬದುಕಿದವರು ಬಂದು ಸೇರಿದ್ದು ಅಗ್ದಾಮಿಗೆ. ಶವಗಳನ್ನು ತಂದು ತೊಳೆದು ಸಂಸ್ಕಾರಕ್ಕೆ ಅಣಿ ಮಾಡಿದ್ದು ಅಗ್ದಾಮಿನ ಮಸೀದಿಯಲ್ಲಿ. ಆ ವಾರ ಊರಿನವರು ಕಂಡದ್ದನ್ನು ಮರೆಯಲು ಸಾಧ್ಯವಿರಲಿಲ್ಲ. ನಮಗೂ ಹೀಗೇ ಆಗಬಹುದು ಎಂಬ ಭಯ ಅಂದಿನಿಂದಲೇ ಮನೆಮನೆಯಲ್ಲಿತ್ತು. ಸಾಧ್ಯವಾದವರು ಮಕ್ಕಳನ್ನು, ಮುದುಕರನ್ನು ಪೂರ್ವದ ಕಡೆ ಕಳಿಸತೊಡಗಿದರು.

ಕೊನೆಯ ವಾರಗಳಲ್ಲಿ ಉಳಿದವರೂ ಟ್ರಕ್ಕು, ಟ್ರ್ಯಾಕ್ಟರ್ ಹತ್ತಿ, ಕಾಲ್ನಡಿಗೆಯಲ್ಲಿ ಹೊರಟರು. ಬೇಸಿಗೆ. ಕೆಲವೇ ದಿನದಲ್ಲಿ ವಾಪಸ್ ಬರುತ್ತೇವೆ ಎಂದುಕೊಂಡಿದ್ದರು ತುಂಬಾ ಜನ.

ಯುದ್ಧದ ಮಧ್ಯೆ ಎರಡೂ ಕಡೆಯವರು ಮಾತಾಡಿದ್ದೇ ಇಲ್ವಾ?

ಮಾತಾಡಿದ್ದರು. ಅಗ್ದಾಮಿನ ಅಲ್ಲಾವೆರ್ದಿ ಬಗಿರೋವ್ ಅದಕ್ಕೆ ಒಳ್ಳೆಯ ಉದಾಹರಣೆ. ಊರಿನ ಫುಟ್‌ಬಾಲ್ ತಂಡದಲ್ಲಿ ಆಡಿದವರು, ತರಬೇತಿ ಕೊಟ್ಟವರು. ಯುದ್ಧ ಬಂದಾಗ ಒಂದು ತುಕಡಿಯ ನಾಯಕರಾದರು. ಖೋಜಾಲಿಯ ನಂತರ ಅರ್ಮೇನಿಯನ್ ಕಡೆಯವರೊಂದಿಗೆ ಮಾತಾಡಿ ಕೈದಿಗಳನ್ನು, ಶವಗಳನ್ನು ಬಿಡಿಸಿ ತಂದವರಲ್ಲಿ ಅವರೂ ಒಬ್ಬರು. 1992ರ ಜೂನ್‌ನಲ್ಲಿ ನೆಲಬಾಂಬ್ ಸಿಡಿದು ಸತ್ತರು.

ವಿಶ್ವಸಂಸ್ಥೆ ಏನೂ ಮಾಡಲಿಲ್ವಾ?

ಊರು ಬಿದ್ದ ಆರು ದಿನಕ್ಕೆ, 1993ರ ಜುಲೈ 29ರಂದು, ಭದ್ರತಾ ಮಂಡಳಿ 853ನೇ ನಿರ್ಣಯ ಮಾಡಿತು. ಅಗ್ದಾಮಿನಿಂದ ಪಡೆಗಳು ತಕ್ಷಣ, ಪೂರ್ತಿಯಾಗಿ ಹೊರಡಬೇಕು ಎಂದು ಹೆಸರು ಹಿಡಿದೇ ಹೇಳಿತು. ಆ ವರ್ಷ ಇದೇ ಯುದ್ಧದ ಬಗ್ಗೆ ಇನ್ನೂ ಮೂರು ನಿರ್ಣಯಗಳು ಬಂದವು. ಜಾರಿ ಮಾಡಿಸಲು ಯಾರೂ ಸೇನೆ ಕಳಿಸಲಿಲ್ಲ. 1994ರ ಮೇ 12ರಂದು ಕದನವಿರಾಮವಾಯಿತು, ಗೆರೆ ಎಲ್ಲಿತ್ತೋ ಅಲ್ಲೇ ನಿಂತಿತು. ಆ ಗೆರೆ ಅಗ್ದಾಮಿನ ಪೂರ್ವಕ್ಕೆ ಕೆಲವೇ ಕಿ.ಮೀ. ದೂರದಲ್ಲಿತ್ತು.

## ಜನವಿಲ್ಲದ 27 ವರ್ಷ

ಬಾಂಬ್ ಹಾಕಿ ಇಡೀ ಊರನ್ನು ನೆಲಸಮ ಮಾಡಿದರಾ? 'ಕಾಕಸಸ್‌ನ ಹಿರೋಷಿಮಾ' ಅಂತಾರಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ಗೊತ್ತಿರುವುದು ಬಹಳ ಮುಖ್ಯ ಅನಿಸುತ್ತದೆ ನನಗೆ.

ಶೆಲ್ ದಾಳಿಯಿಂದ ಹಾನಿಯಾಗಿತ್ತು, ಹಿಡಿದ ಮೇಲೆ ಮನೆಗಳನ್ನು ಸುಟ್ಟದ್ದೂ ಉಂಟು. ಆದರೆ ಫೋಟೋದಲ್ಲಿ ಕಾಣುವ ಅಗ್ದಾಮ್ ಒಂದು ಸ್ಫೋಟದಿಂದ ಆದದ್ದಲ್ಲ. ಅದನ್ನು ಕೈಯಿಂದ ಬಿಚ್ಚಿದ್ದಾರೆ.

ಮೊದಲು ಹೋದದ್ದು ಮನೆಯೊಳಗಿನ ಸಾಮಾನು: ಕಾರ್ಪೆಟ್, ಫ್ರಿಜ್ಜು, ಮಂಚ, ಪಾತ್ರೆ. ಆಮೇಲೆ ಬಾಗಿಲು, ಕಿಟಕಿ, ಚೌಕಟ್ಟು. ಆಮೇಲೆ ಸೂರಿನ ತಗಡು, ತೊಲೆ, ನೆಲದ ಹಲಗೆ. ಆಮೇಲೆ ನೀರಿನ ಕೊಳವೆ, ವಿದ್ಯುತ್ ತಂತಿ. ಕಾರ್ಖಾನೆಗಳ ಯಂತ್ರಗಳು ಗುಜರಿಗೆ ಹೋದವು. ಕೊನೆಗೆ ಗೋಡೆಯ ಕಲ್ಲು, ಇಟ್ಟಿಗೆಗಳೇ ಹೋದವು. ಸ್ತೆಪನಕೆರ್ತ್ ಮತ್ತು ಸುತ್ತಲ ಹಳ್ಳಿಗಳೂ ಯುದ್ಧದಲ್ಲಿ ಜಖಂ ಆಗಿದ್ದವು, ಅಲ್ಲಿ ಮನೆ ಕಟ್ಟಲು ಸಾಮಾನು ಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಹತ್ತಿರದಲ್ಲೇ ಯಾರೂ ಇಲ್ಲದ ಒಂದು ಇಡೀ ಊರಿತ್ತು. ಸೇನೆಯ ಕಡೆಯವರು ಲಾರಿಗಟ್ಟಲೆ ಸಾಗಿಸಿದರು, ಬಡವರು ಕೈಗಾಡಿಯಲ್ಲಿ ಒಯ್ದರು.

ಸೂರು ಹೋದ ಮೇಲೆ ಉಳಿದ ಕೆಲಸ ಮಳೆಯದು, ಹಿಮದ್ದು. ಮಣ್ಣಿನ ಗಾರೆ ಕರಗಿತು, ಗೋಡೆ ಕುಸಿಯಿತು, ಬಿರುಕಿನಲ್ಲಿ ಅಂಜೂರ, ದಾಳಿಂಬೆ ಎದ್ದವು.

ಇದನ್ನು ಇಷ್ಟು ಉದ್ದ ಹೇಳುವುದಕ್ಕೆ ಕಾರಣವಿದೆ. ಬಾಂಬ್ ಅಂದಾಗ ಒಂದು ಕ್ಷಣ, ಒಬ್ಬ ಸೇನಾಧಿಕಾರಿ, ಒಂದು ಆಜ್ಞೆ ಕಣ್ಣ ಮುಂದೆ ಬರುತ್ತದೆ. ಇಲ್ಲಿ ನಡೆದದ್ದು ವರ್ಷಗಳ ಕೆಲಸ, ಸಾವಿರಾರು ಕೈಗಳ ಕೆಲಸ. ಅದರಲ್ಲಿ ದ್ವೇಷ ಇತ್ತು, ಲಾಭ ಇತ್ತು, ನಿಜವಾದ ಬಡತನವೂ ಇತ್ತು. ವಾಪಸ್ ಬರುವವರಿಗೆ ಏನೂ ಇರಬಾರದು ಎಂಬ ಲೆಕ್ಕಾಚಾರವೂ ಇತ್ತು ಎಂದು ಅಗ್ದಾಮಿನವರು ಹೇಳುತ್ತಾರೆ. ಉಳಿದದ್ದನ್ನು ನೋಡಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಹಾಗಾದರೆ ಮಸೀದಿ ಮಾತ್ರ ಹೇಗೆ ಉಳಿಯಿತು?

ಮಸೀದಿ 1868ರಿಂದ 1870ರ ನಡುವೆ ಕಟ್ಟಿದ್ದು. ಶಿಲ್ಪಿ ಕರ್ಬಲಾಯಿ ಸಫಿಖಾನ್ ಕರಾಬಾಖಿ. ಬೆಟ್ಟದ ಮೇಲಿನ ಶುಶಾ ಪಟ್ಟಣದ ದೊಡ್ಡ ಮಸೀದಿಯೂ ಇವರದೇ ಕೆಲಸ. ಎರಡು ಮಿನಾರು, ಒಳಗೆ ಕಲ್ಲಿನ ಕಂಬಗಳು, ಕಮಾನುಗಳು. ಬಯಲಿನಲ್ಲಿ ಇಷ್ಟು ಎತ್ತರದ ಕಟ್ಟಡ ಬೇರೆ ಇರಲಿಲ್ಲ, ಹಾಗಾಗಿ ಸೈನಿಕರಿಗೆ ಮಿನಾರು ದೂರ ನೋಡುವ ಜಾಗವಾಯಿತು. ಉಳಿಯಲು ಇದೂ ಒಂದು ಕಾರಣ ಅನ್ನುತ್ತಾರೆ.

ಉಳಿಯಿತು ಅಂದರೆ ಗೌರವದಿಂದ ಇಟ್ಟುಕೊಂಡರು ಅಂತಲ್ಲ. ಒಳಗೆ ದನ ಕಟ್ಟುತ್ತಿದ್ದರು. ನೆಲದ ಮೇಲೆ ಸಗಣಿ ಬಿದ್ದ, ಗೋಡೆಯ ತುಂಬಾ ಹೆಸರು ಗೀಚಿದ ಫೋಟೋಗಳಿವೆ. ಅಗ್ದಾಮಿನ ಜನರಿಗೆ ಮನೆ ಕಳೆದುಕೊಂಡದ್ದಕ್ಕಿಂತ ಜಾಸ್ತಿ ಚುಚ್ಚಿದ್ದು ಇದು.

ಗೋರಿಗಳನ್ನೂ ಬಿಡಲಿಲ್ಲ ಅಂತ ಕೇಳಿದೆ.

ಹೌದು. ಊರಲ್ಲಿ ಇಮಾರತ್ ಎಂಬ ಜಾಗವಿದೆ. ಪನಾಹ್ ಅಲಿ ಖಾನನ ಅರಮನೆ, ಕರಾಬಾಖ್ ಖಾನರ ಸಮಾಧಿಗಳು ಇರುವುದು ಅಲ್ಲಿ. ಕೊನೆಯ ಖಾನನ ಮಗಳು, ಕವಯಿತ್ರಿ ಖುರ್ಷಿದ್‌ಬಾನು ನಾತಾವಾನ್ (1832–1897) ಸಮಾಧಿಯೂ ಅಲ್ಲೇ. ಗೋರಿಗಳನ್ನು ಒಡೆದಿದ್ದರು. ಶುಶಾಕ್ಕೆ ಬೆಟ್ಟದ ಮೇಲೆ ಕುಡಿಯುವ ನೀರು ತರಿಸಿದ ಹೆಂಗಸು ಆಕೆ. ಆಕೆಯ ಗೋರಿಯನ್ನೂ ಬಿಡಲಿಲ್ಲ.

ಖಾಲಿ ಊರಲ್ಲಿ ಅಷ್ಟು ವರ್ಷ ಯಾರೂ ಇರಲಿಲ್ವಾ?

ಸೈನಿಕರು ಇದ್ದರು. ದನ ಮೇಯಿಸುವವರು, ಗುಜರಿ ಆಯುವವರು ಬಂದು ಹೋಗುತ್ತಿದ್ದರು. ಸುತ್ತಲ ಹೊಲಗಳಲ್ಲಿ ಬೇಸಾಯ ನಡೆಯುತ್ತಿತ್ತು. ಅರ್ಮೇನಿಯನ್ ಆಡಳಿತ ಊರಿಗೆ ಅಕ್ನಾ ಎಂದು ಹೆಸರಿಟ್ಟಿತು, ಆದರೆ ಊರನ್ನು ಮತ್ತೆ ಕಟ್ಟಲಿಲ್ಲ. ಅವರಿಗೆ ಇದು ಗಡಿಯ ಮುಂದಿನ ಬಯಲು, ಮಾತುಕತೆಯಲ್ಲಿ ಕೊಟ್ಟು ತೆಗೆದುಕೊಳ್ಳಲು ಇಟ್ಟುಕೊಂಡ ನೆಲ.

ಓಡಿಹೋದವರು ಎಲ್ಲಿ ಬದುಕಿದರು?

ಜಿಲ್ಲೆಯ ಪೂರ್ವದ ಒಂದು ಭಾಗ ಅಜೆರ್ಬೈಜಾನಿನ ಕೈಯಲ್ಲೇ ಉಳಿದಿತ್ತು. ಅಲ್ಲಿ ಕುಜಾನ್ಲಿ ಎಂಬ ಹಳ್ಳಿ ಜಿಲ್ಲೆಯ ತಾತ್ಕಾಲಿಕ ಕೇಂದ್ರವಾಯಿತು. ಉಳಿದವರು ಬಾರ್ದಾ, ಅಗ್‌ಜಾಬೆದಿ, ಬಾಕು ಎಂದು ಚದುರಿದರು. ಗುಡಾರ, ನಿಂತ ರೈಲು ಡಬ್ಬಿ, ಶಾಲೆ, ಹಾಸ್ಟೆಲ್ ಕೋಣೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ರೈಲು ಡಬ್ಬಿ ಬೇಸಿಗೆಯಲ್ಲಿ ಕಾದ ಬಾಣಲೆ. ಸರಕು ಸಾಗಿಸುವ ಆ ಡಬ್ಬಿಗಳಲ್ಲಿ ಹುಟ್ಟಿ, ಓದಿ, ಮದುವೆಯಾದವರಿದ್ದಾರೆ. ಕೊನೆಯ ಗುಡಾರ ಶಿಬಿರ ಮುಚ್ಚಿದ್ದು 2007ರಲ್ಲಿ.

ಒಂದು ವಿಷಯ ಗಮನಿಸಿ. ಅಜೆರ್ಬೈಜಾನಿನಲ್ಲಿ 'ನೆಲೆ ತಪ್ಪಿದವರು' ಎಂಬ ಸರ್ಕಾರಿ ಗುರುತು ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಹಾಗಾಗಿ ಬಾಕುವಿನಲ್ಲಿ ಹುಟ್ಟಿ, ಅಗ್ದಾಮ್ ಒಮ್ಮೆಯೂ ನೋಡದವರೂ ಕಾಗದದಲ್ಲಿ ಅಗ್ದಾಮಿನವರು.

ಚಾಂಪಿಯನ್ಸ್ ಲೀಗ್ ಆಡಿದ ಕರಾಬಾಗ್ ತಂಡಕ್ಕೂ ಈ ಊರಿಗೂ ಸಂಬಂಧ ಇದೆಯಾ?

ಅದು ಈ ಊರಿನದೇ ಫುಟ್‌ಬಾಲ್ ತಂಡ. 1951ರಲ್ಲಿ ಅಗ್ದಾಮಿನಲ್ಲಿ ಹುಟ್ಟಿತು. ಖಾನರ ಸಮಾಧಿಗಳ ಪಕ್ಕದ ಇಮಾರತ್ ಕ್ರೀಡಾಂಗಣ ಅದರ ಮನೆ. ಯುದ್ಧ ಶುರುವಾದ ಮೇಲೂ ಅಲ್ಲಿ ಪಂದ್ಯ ನಡೆಸಿದ್ದರು.

1993ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಜುಲೈ 23ಕ್ಕೆ ಊರು ಬಿತ್ತು. ಆಗಸ್ಟ್ 1ಕ್ಕೆ ಬಾಕುವಿನಲ್ಲಿ ರಾಷ್ಟ್ರೀಯ ಲೀಗಿನ ಫೈನಲ್. ಅಗ್ದಾಮಿನ ಹುಡುಗರು ಸುಮ್‌ಗಾಯಿತ್‌ನ ಖಜಾರ್ ತಂಡದ ಎದುರು 1-0ಯಿಂದ ಗೆದ್ದು ಚಾಂಪಿಯನ್ ಆದರು. ಕಪ್ ಒಯ್ಯಲು ಊರಿರಲಿಲ್ಲ. ಆಟಗಾರರ ಮನೆಯವರು ಎಲ್ಲೆಲ್ಲೋ ಶಿಬಿರಗಳಲ್ಲಿದ್ದರು.

ಆಮೇಲೆ ಎಷ್ಟೋ ವರ್ಷ ತಂಡ ದುಡ್ಡಿಲ್ಲದೆ ಬಾಡಿಗೆ ಮೈದಾನಗಳಲ್ಲಿ ಆಡಿತು. 2008ರಲ್ಲಿ ಗುರ್ಬಾನ್ ಗುರ್ಬಾನೊವ್ ತರಬೇತುದಾರರಾಗಿ ಬಂದರು. 2014ರಲ್ಲಿ ಮತ್ತೆ ಲೀಗ್ ಗೆದ್ದರು. 2017ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಅಜೆರ್ಬೈಜಾನಿ ತಂಡವಾಯಿತು. ಚೆಲ್ಸಿ, ರೋಮಾ, ಅಟ್ಲೆಟಿಕೊ ಮ್ಯಾಡ್ರಿಡ್ ಇದ್ದ ಗುಂಪು. ಅಟ್ಲೆಟಿಕೊ ಜೊತೆ ಎರಡೂ ಪಂದ್ಯ ಡ್ರಾ ಮಾಡಿತು. ಯುರೋಪಿನ ಫಲಕಗಳಲ್ಲಿ 'ಅಗ್ದಾಮ್' ಎಂಬ ಹೆಸರು ಬಂದದ್ದು ಆ ಊರಿನಲ್ಲಿ ಒಂದೂ ಸೂರಿಲ್ಲದ ಕಾಲದಲ್ಲಿ. ನಿರ್ಣಯ 853ಕ್ಕಿಂತ ಜಾಸ್ತಿ ಜನಕ್ಕೆ ಈ ಊರಿನ ಹೆಸರು ತಲುಪಿಸಿದ್ದು ಈ ತಂಡ.

## ಮರಳಿದ ಮೇಲೆ

2020ರಲ್ಲಿ ಅಗ್ದಾಮಿಗಾಗಿ ಮತ್ತೆ ಯುದ್ಧ ಆಯಿತಾ?

ಯುದ್ಧ ಆಯಿತು, ಆದರೆ ಅಗ್ದಾಮ್ ಊರೊಳಗೆ ಅಲ್ಲ. 2020ರ ಸೆಪ್ಟೆಂಬರ್ 27ರಿಂದ 44 ದಿನ ನಡೆದ ಯುದ್ಧದಲ್ಲಿ ಅಜೆರ್ಬೈಜಾನ್ ದಕ್ಷಿಣದಿಂದ ನುಗ್ಗಿ ಶುಶಾ ಹಿಡಿಯಿತು. ನವೆಂಬರ್ 10ರ ಒಪ್ಪಂದದಲ್ಲಿ ಅಗ್ದಾಮ್ ಬಿಟ್ಟುಕೊಡಲು ನವೆಂಬರ್ 20ರ ಗಡುವು ಇತ್ತು. ಅದೇ ದಿನ ಅಜೆರ್ಬೈಜಾನಿನ ಪಡೆಗಳು ಗುಂಡು ಹಾರಿಸದೆ ಒಳಗೆ ಬಂದವು.

ಊರು ಸಿಕ್ಕ ಮೇಲೆ ಜನ ತಕ್ಷಣ ಯಾಕೆ ವಾಪಸ್ ಹೋಗಲಿಲ್ಲ?

ನೆಲಬಾಂಬ್. ಮೂವತ್ತು ವರ್ಷ ಮುಂಚೂಣಿಯಾಗಿದ್ದ ನೆಲ ಅದು. 2021ರ ಜೂನ್ 12ರಂದು ಜಾರ್ಜಿಯಾದ ಮಧ್ಯಸ್ಥಿಕೆಯಲ್ಲಿ ಒಂದು ವಿನಿಮಯ ನಡೆಯಿತು. ಅಜೆರ್ಬೈಜಾನ್ ಸೆರೆಯಲ್ಲಿದ್ದ 15 ಅರ್ಮೇನಿಯನ್ನರನ್ನು ಬಿಟ್ಟಿತು. ಅರ್ಮೇನಿಯಾ ಅಗ್ದಾಮ್ ಜಿಲ್ಲೆಯ 97,000 ನೆಲಬಾಂಬ್‌ಗಳ ನಕ್ಷೆ ಕೊಟ್ಟಿತು. ಒಂದೇ ಜಿಲ್ಲೆಯಲ್ಲಿ 97,000! ನಕ್ಷೆ ಇದ್ದರೂ ಒಂದೊಂದನ್ನೂ ಹುಡುಕಿ ತೆಗೆಯಬೇಕು. ಮಳೆಗೆ ಮಣ್ಣು ಸರಿದು ಬಾಂಬ್‌ಗಳೂ ಜಾಗ ಬದಲಿಸಿರುತ್ತವೆ.

ಹಳೆಯ ಮನೆ ನೋಡಬೇಕು, ಅಪ್ಪನ ಗೋರಿ ಹುಡುಕಬೇಕು ಎಂಬ ಆಸೆಗೆ ಅನುಮತಿ ಇಲ್ಲದೆ ಹೋದವರಲ್ಲೂ ಸತ್ತವರಿದ್ದಾರೆ. ತೆರವಾಗದ ಜಾಗದಲ್ಲಿ ರಸ್ತೆಯ ಟಾರು ಬಿಟ್ಟು ಒಂದು ಹೆಜ್ಜೆಯೂ ಪಕ್ಕಕ್ಕೆ ಇಡಬಾರದು.

ಈಗ ಅಲ್ಲಿ ಏನು ಕಟ್ಟುತ್ತಿದ್ದಾರೆ?

2021ರ ಮೇ 28ರಂದು ಹೊಸ ನಗರಕ್ಕೆ ಅಡಿಗಲ್ಲು ಹಾಕಿದರು. ಯೋಜನೆ ಒಂದು ಲಕ್ಷ ಜನರಿಗೆ, ಅಂದರೆ ಹಳೆಯ ಊರಿನ ಮೂರೂವರೆ ಪಟ್ಟು. ಅಗಲ ರಸ್ತೆ, ಉದ್ಯಾನ, ಅಪಾರ್ಟ್‌ಮೆಂಟ್, ಕೈಗಾರಿಕಾ ಪಾರ್ಕ್, ಬಾರ್ದಾ ಕಡೆಯಿಂದ ರೈಲು. ಮಸೀದಿ, ಇಮಾರತ್ ದುರಸ್ತಿಯಾದವು. ಜಿಲ್ಲೆಗೆ ಮೊದಲ ಕುಟುಂಬಗಳು ಮರಳಿವೆ.

ಪಾಳುಬಿದ್ದ ಗೋಡೆಗಳಲ್ಲಿ ಹೆಚ್ಚಿನವನ್ನು ಕೆಡವಿದರು. ಸುರಕ್ಷತೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೂ ಇದು ನಮ್ಮ ಬೀದಿ, ಇದು ನಮ್ಮ ಅಂಗಳ ಎಂದು ಬೆರಳಿಟ್ಟು ತೋರಿಸಲು ಇದ್ದದ್ದು ಆ ಗೋಡೆಗಳೇ. ಹಳೆಯ ಬೀದಿಗಳ ಗೆರೆಯನ್ನಾದರೂ ಹೊಸ ನಕ್ಷೆಯಲ್ಲಿ ಇನ್ನಷ್ಟು ಉಳಿಸಬಹುದಿತ್ತು.

## ಕಷ್ಟದ ಪ್ರಶ್ನೆಗಳು

ಎಲ್ಲ ಸರಿ, ಮೂಲದಲ್ಲಿ ಅದು ಯಾರ ನೆಲ?

ಊರಿನಿಂದ ಹೆಚ್ಚು ದೂರವಿಲ್ಲದ ಶಾಹ್‌ಬುಲಾಗ್‌ನಲ್ಲಿ ಪನಾಹ್ ಅಲಿ ಖಾನ್ ಕಟ್ಟಿಸಿದ 18ನೇ ಶತಮಾನದ ಕೋಟೆಯಿದೆ. ಅದರ ಹತ್ತಿರವೇ 2005ರಿಂದ ಅರ್ಮೇನಿಯನ್ ಪುರಾತತ್ವ ತಜ್ಞರು ಅಗೆದು ಕ್ರಿಸ್ತಪೂರ್ವ ಕಾಲದ ಒಂದು ನಗರದ ಗೋಡೆಗಳನ್ನು, ಆಮೇಲಿನ ಚರ್ಚಿನ ತಳಪಾಯವನ್ನು ಕಂಡರು. ಅರ್ಮೇನಿಯನ್ ರಾಜವಂಶದ ಹಳೆಯ ನಗರ ತಿಗ್ರಾನಕೆರ್ತ್ ಇದೇ ಎಂದರು. ಕೋಟೆಯಲ್ಲೇ ಮ್ಯೂಸಿಯಂ ಮಾಡಿದರು. ಅಜೆರ್ಬೈಜಾನ್ ಈ ಅಗೆತವೇ ಕಾನೂನುಬಾಹಿರ, ನಂಟು ಕೃತಕ ಅಂದಿತು. ಎರಡು ಗುರುತುಗಳು ಕೂಗಳತೆಯಲ್ಲಿವೆ.

ಎರಡೂ ನಿಜವಾಗಿರಬಹುದು, ಅದರಲ್ಲಿ ತೊಂದರೆಯೇನಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಗೋಡೆ 1993ರಲ್ಲಿ ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸನ್ನು ಹೊರಹಾಕಲು ಕಾರಣ ಆಗುವುದಿಲ್ಲ. ಹಾಗೆಯೇ ಖಾನನ ಕೋಟೆ ಆ ಹಳೆಯ ಗೋಡೆಯನ್ನು ಅಳಿಸಲು ಕಾರಣವಾಗಬಾರದು.

ನೀವು ಒಂದು ಕಡೆಯ ನೋವನ್ನೇ ಹೇಳುತ್ತಿದ್ದೀರಿ. ಅರ್ಮೇನಿಯನ್ನರದ್ದು?

ಅಗ್ದಾಮಿನ ಕಥೆ ಸ್ತೆಪನಕೆರ್ತ್ ಇಲ್ಲದೆ ಮುಗಿಯುವುದಿಲ್ಲ. 1991–92ರ ಚಳಿಗಾಲದಲ್ಲಿ ಅಲ್ಲಿನವರು ಶುಶಾದಿಂದ ಬೀಳುತ್ತಿದ್ದ ಗ್ರಾದ್ ರಾಕೆಟ್‌ಗಳ ಕೆಳಗೆ ನೆಲಮಾಳಿಗೆಗಳಲ್ಲಿ ಬದುಕಿದರು. 2022ರ ಡಿಸೆಂಬರ್‌ನಿಂದ ಅರ್ಮೇನಿಯಾಕ್ಕೆ ಹೋಗುವ ಒಂದೇ ದಾರಿ, ಲಾಚಿನ್ ರಸ್ತೆ, ಬಂದ್ ಆಯಿತು. ತಿಂಗಳುಗಟ್ಟಲೆ ಊಟ, ಔಷಧಿ, ಇಂಧನಕ್ಕೆ ಪರದಾಟ. 2023ರ ಸೆಪ್ಟೆಂಬರ್ 19ರಂದು ಅಜೆರ್ಬೈಜಾನ್ ದಾಳಿ ಮಾಡಿತು. ಮರುದಿನವೇ ಅಲ್ಲಿನ ಆಡಳಿತ ಸೋಲೊಪ್ಪಿತು. ಆಮೇಲಿನ ಸುಮಾರು ಒಂದು ವಾರದಲ್ಲಿ 1,00,000ಕ್ಕೂ ಹೆಚ್ಚು ಅರ್ಮೇನಿಯನ್ನರು ಕರಾಬಾಖ್ ಬಿಟ್ಟರು. ಹೊರಡಲು ಪೆಟ್ರೋಲಿಗಾಗಿ ಜನ ಸೇರಿದ್ದಾಗ, ಸೆಪ್ಟೆಂಬರ್ 25ರಂದು, ಇಂಧನ ಗೋದಾಮು ಸ್ಫೋಟಗೊಂಡು 200ಕ್ಕೂ ಹೆಚ್ಚು ಜನ ಸತ್ತರು. ಅರ್ಮೇನಿಯಾ ತಲುಪುವ ಕೆಲವು ಗಂಟೆಗಳ ದಾರಿಗೆ ಒಂದು ದಿನಕ್ಕಿಂತ ಜಾಸ್ತಿ ಹಿಡಿಯಿತು.

ಹೀಗೆ ಮೂವತ್ತು ವರ್ಷದ ಅಂತರದಲ್ಲಿ, ಒಂದೇ ರಸ್ತೆಯ ಎರಡು ತುದಿಗಳಲ್ಲಿದ್ದ ಎರಡು ಊರುಗಳು ಖಾಲಿಯಾದವು. ಮೊದಲನೆಯದನ್ನು ಅಂದು ಸರಿಪಡಿಸಿದ್ದರೆ ಎರಡನೆಯದು ತಪ್ಪುತ್ತಿತ್ತೇನೋ ಎಂದು ನನಗೆ ಅನಿಸುತ್ತಲೇ ಇರುತ್ತದೆ. ಒಂದರ ನೋವು ಇನ್ನೊಂದಕ್ಕೆ ಸಮಜಾಯಿಷಿ ಅಲ್ಲ. ಅಗ್ದಾಮಿನವರಿಗೆ ಮರಳುವ ಹಕ್ಕಿದೆ ಎಂದು 27 ವರ್ಷ ಹೇಳಿದವರು ಸ್ತೆಪನಕೆರ್ತ್‌ನವರಿಗೂ ಅದೇ ಹಕ್ಕಿದೆ ಎನ್ನಬೇಕು.

ಪ್ರಪಂಚದಲ್ಲಿ ಇಂಥ ಊರುಗಳು ಬೇರೆ ಇವೆಯಾ?

ಹೋಲಿಸಿ ನೋಡಲು ಎರಡು ಸಾಕು. ಸೈಪ್ರಸ್‌ನ ವರೋಶಾ: 1974ರ ಆಗಸ್ಟ್‌ನಲ್ಲಿ ಜನ ಓಡಿದರು, ಟರ್ಕಿಯ ಸೇನೆ ಬೇಲಿ ಹಾಕಿತು. ಕಟ್ಟಡಗಳು ನಿಂತಲ್ಲೇ ಹಳತಾದವು. ಇನ್ನೊಂದು ಗೋಲಾನ್‌ನ ಕುನೇತ್ರಾ: 1967ರಲ್ಲಿ ಇಸ್ರೇಲ್ ಹಿಡಿಯಿತು, 1974ರಲ್ಲಿ ಒಡೆದುಹೋದ ಸ್ಥಿತಿಯಲ್ಲಿ ಸಿರಿಯಾಕ್ಕೆ ಸಿಕ್ಕಿತು. ಸಿರಿಯಾ ಅದನ್ನು ಸಾಕ್ಷಿಯಾಗಿ ಹಾಗೇ ಬಿಟ್ಟಿತು. ಅಗ್ದಾಮ್ ಹೆಚ್ಚು ಹತ್ತಿರವಿರುವುದು ಕುನೇತ್ರಾಕ್ಕೆ, ಆದರೆ ಇಲ್ಲಿ ಮತ್ತೆ ಕಟ್ಟುವ ದಾರಿ ಹಿಡಿದರು.

ಹೋದವರೆಲ್ಲ ನಿಜವಾಗಿ ವಾಪಸ್ ಬರುತ್ತಾರಾ?

ಎಲ್ಲರೂ ಬರುವುದಿಲ್ಲ. 1993ರಲ್ಲಿ ಮೂವತ್ತರ ವಯಸ್ಸಿನವರು ಈಗ ಅರವತ್ತು ದಾಟಿದ್ದಾರೆ. ಅವರು ಹೋಗಲು ಕಾತರರಾಗಿದ್ದಾರೆ. ಅವರ ಮಕ್ಕಳಿಗೆ ಕೆಲಸ ಇರುವುದು ಬಾಕುವಿನಲ್ಲಿ, ಮೊಮ್ಮಕ್ಕಳ ಶಾಲೆ ಅಲ್ಲಿ, ಗೆಳೆಯರು ಅಲ್ಲಿ. ಹೊಸ ಫ್ಲ್ಯಾಟ್ ಸಿಗಬಹುದು, ಆದರೆ ಆಗಿನ ಅಕ್ಕಪಕ್ಕದವರೇ ಮತ್ತೆ ಅಕ್ಕಪಕ್ಕ ಸಿಗುವುದಿಲ್ಲ. ಮನೆ ಹಂಚುವಾಗ ಹಳೆಯ ಕೇರಿಯವರನ್ನು ಸಾಧ್ಯವಾದಷ್ಟು ಒಟ್ಟಿಗೆ ಇರಿಸಿದರೆ, ಊರಲ್ಲೇ ಸಂಬಳದ ಕೆಲಸ ಸಿಕ್ಕರೆ, ಬರುವವರ ಸಂಖ್ಯೆ ಹೆಚ್ಚುತ್ತದೆ. ಒಳ್ಳೆಯ ಶಾಲೆ, ಆಸ್ಪತ್ರೆ ಮೊದಲು ತೆರೆದರೆ ಎಳೆಯ ಮಕ್ಕಳಿರುವ ಕುಟುಂಬಗಳು ಬರುತ್ತವೆ. ಬಾಂಬ್ ತೆಗೆಯದ ಹೊಲ ತೋರಿಸಿ ಬೇಸಾಯ ಮಾಡಿ ಅನ್ನುವ ಹಾಗಿಲ್ಲ, ಹಾಗಾಗಿ ಹಳ್ಳಿಗಳಿಗೆ ಮರಳುವುದು ನಗರಕ್ಕಿಂತ ನಿಧಾನವಾಗುತ್ತದೆ.